ಹತ್ತು ಪಾಯಿಂಟ್ ಒಂಬತ್ತು

ನಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಭೂಮಿ ಯಾವಾಗಲೂ ಹೇಳಿದ ಮಾತು ಕೇಳುತ್ತಿತ್ತು. ಯಾರು ಲೋಲಕ ತೂಗಿಬಿಟ್ಟರೂ, ನಿದ್ದೆಗಣ್ಣಲ್ಲೇ ಸ್ಟಾಪ್‌ವಾಚ್ ಒತ್ತಿದರೂ, ಕೊನೆಯ ಸಾಲಿಗೆ 9.8 ಬಂದು ಕೂರುತ್ತಿತ್ತು. ಭೂಮಿ ವಸ್ತುಗಳನ್ನು ಎಷ್ಟು ಜೋರಾಗಿ ತನ್ನ ಕಡೆ ಎಳೆಯುತ್ತದೆ ಎಂಬುದರ ಲೆಕ್ಕ ಅದು. ಪುಸ್ತಕದಲ್ಲಿ ಅಚ್ಚಾಗಿದೆ, ಗೋಡೆಯ ಪಟದಲ್ಲೂ ಇದೆ. ನನಗೊಬ್ಬಳಿಗೆ ಮಾತ್ರ ಎಷ್ಟು ಸಲ ಮಾಡಿದರೂ 10.9 ಬರುತ್ತಿತ್ತು.

ಉಳಿದವರಿಗೆ ಹೇಗೆ 9.8 ಬರುತ್ತಿತ್ತು ಎಂಬುದೇನೂ ಗುಟ್ಟಲ್ಲ. ಅದಕ್ಕೆ ನಮ್ಮಲ್ಲಿ ‘ಕೂರಿಸುವುದು’ ಎನ್ನುತ್ತಿದ್ದರು. ಮೊದಲು ಉತ್ತರ ಬರೆದುಕೊಳ್ಳಬೇಕು. ಆಮೇಲೆ ಹಿಂದಕ್ಕೆ ಲೆಕ್ಕ ಹಾಕುತ್ತ ಹೋಗಿ, ಸ್ಟಾಪ್‌ವಾಚ್ ಎಷ್ಟು ತೋರಿಸಿದ್ದರೆ ಆ ಉತ್ತರ ಬರುತ್ತಿತ್ತೋ ಅಷ್ಟನ್ನು ಪಟ್ಟಿಯಲ್ಲಿ ತುಂಬಬೇಕು. ನೋಡಿದವರಿಗೆ ಅನುಮಾನ ಬರದಿರಲಿ ಎಂದು ಅಲ್ಲೊಂದು ಇಲ್ಲೊಂದು ದಶಮಾಂಶವನ್ನು ಆಚೀಚೆ ಮಾಡಬೇಕು. ಈ ವಿದ್ಯೆಯನ್ನು ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಅಕ್ಕರೆಯಿಂದ ಧಾರೆ ಎರೆಯುತ್ತಿದ್ದರು. ಲೋಲಕ ಮಾತ್ರ ಪಾಪ, ಮರ್ಯಾದೆಗೆಂದು ಅತ್ತಿಂದಿತ್ತ ತೂಗಿಕೊಂಡು ನಿಂತುಹೋಗುತ್ತಿತ್ತು.

ನನಗೆ ಇದು ಸೇರಲಿಲ್ಲ. ನಾನೇನೂ ಸತ್ಯದ ತುಂಡು ಎಂದಲ್ಲ. ಮನೆಯಲ್ಲಿ ಬೇಕಾದಷ್ಟು ಸುಳ್ಳು ಹೇಳಿದ್ದೇನೆ. ಆದರೆ ಸುಳ್ಳು ಹೇಳುವುದಕ್ಕೂ ಒಂದು ಕಾರಣ ಬೇಕು. ಉತ್ತರ ಮೊದಲೇ ಗೊತ್ತಿದ್ದರೆ ದಾರ ಯಾಕೆ, ಗುಂಡು ಯಾಕೆ, ಸ್ಟ್ಯಾಂಡ್ ಯಾಕೆ, ಬೆಳಗಿನ ಎರಡು ತಾಸು ಯಾಕೆ ಎಂಬ ಪ್ರಶ್ನೆಗೆ ಯಾರೂ ಉತ್ತರ ಕೊಡುತ್ತಿರಲಿಲ್ಲ. ನನಗೆ ಮೊಂಡಿ ಎಂದು ಅಡ್ಡಹೆಸರಿಟ್ಟವನು ನನ್ನ ಮಾಮ. ಕಾಲೇಜಿಗೆ ಆ ಹೆಸರು ನನಗಿಂತ ಮೊದಲೇ ತಲುಪಿತ್ತು.

ನಮಗೆ ಪಾಠ ಹೇಳುತ್ತಿದ್ದವರು ಗುಂಡು ಮೇಷ್ಟ್ರು. ದಪ್ಪಗಿದ್ದರು ಎಂದು ಆ ಹೆಸರಲ್ಲ, ಕಡ್ಡಿಯಂತಿದ್ದರು. ಪ್ರತಿ ವರ್ಷ ಹೊಸಬರಿಗೆ ಅವರೊಂದು ಆಟ ತೋರಿಸುತ್ತಿದ್ದರು. ಚಾವಣಿಯ ಕೊಕ್ಕೆಗೆ ಹಗ್ಗ ಕಟ್ಟಿ, ಅದರ ತುದಿಗೆ ತೆಂಗಿನಕಾಯಿ ಗಾತ್ರದ ಕಬ್ಬಿಣದ ಗುಂಡು ತೂಗುಹಾಕುತ್ತಿದ್ದರು. ಗೋಡೆಗೆ ತಲೆ ಆನಿಸಿ ನಿಂತು, ಗುಂಡನ್ನು ಎಳೆದು ತಮ್ಮ ಮೂಗಿನ ತುದಿಗೆ ತಾಗಿಸಿ, ತಳ್ಳದೆ ಸುಮ್ಮನೆ ಬಿಡುತ್ತಿದ್ದರು. ಗುಂಡು ಕೊಠಡಿಯ ಆ ಕೊನೆ ಮುಟ್ಟಿ, ಅದೇ ರಭಸದಲ್ಲಿ ವಾಪಸು ಅವರ ಮುಖಕ್ಕೇ ಬರುತ್ತಿತ್ತು. ಮುಂದಿನ ಬೆಂಚಿನವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಮೇಷ್ಟ್ರು ಮಾತ್ರ ರೆಪ್ಪೆ ಬಡಿಯುತ್ತಿರಲಿಲ್ಲ. ಗುಂಡು ಮೂಗಿನ ಹತ್ತಿರ ಬಂದು, ಒಂದು ಕೂದಲೆಳೆ ದೂರದಲ್ಲಿ ನಿಂತು, ಹಿಂದಿರುಗುತ್ತಿತ್ತು.

“ಎಷ್ಟು ಎತ್ತರದಿಂದ ಬಿಟ್ಟೆನೋ ಅಷ್ಟೇ ಬಂಡವಾಳ ಇದಕ್ಕೆ. ಕೆಳಗೆ ಬರ್ತಾ ಅದೆಲ್ಲ ಓಟ ಆಗುತ್ತೆ, ಮೇಲೆ ಹೋಗ್ತಾ ಓಟ ಎಲ್ಲ ಮತ್ತೆ ಎತ್ತರ ಆಗುತ್ತೆ. ದಾರಿಯಲ್ಲಿ ಗಾಳಿಗೆ ಸ್ವಲ್ಪ ಸುಂಕ ಕಟ್ಟುತ್ತೆ. ಬಿಟ್ಟದ್ದಕ್ಕಿಂತ ಮೇಲೆ ಮಾತ್ರ ಏರಲ್ಲ. ಶಕ್ತಿ ಅಂದ್ರೆ ಇಷ್ಟೇ” ಎನ್ನುತ್ತಿದ್ದರು ಮೇಷ್ಟ್ರು.

ಆ ದಿನವೇ ನಾನು ಈ ವಿಷಯಕ್ಕೆ ಸೋತುಹೋಗಿದ್ದೆ. ಒಬ್ಬ ಮನುಷ್ಯ ತನ್ನ ಮೂಗನ್ನೇ ಪಣಕ್ಕಿಟ್ಟು ಹೇಳುವ ಮಾತು ಎಷ್ಟು ಗಟ್ಟಿ ಇರಬೇಡ. ಅದಕ್ಕೇ ಅದೇ ಮೇಷ್ಟ್ರು ಪ್ರಯೋಗಾಲಯದಲ್ಲಿ ನನ್ನ 10.9 ನೋಡಿ, ಅತ್ತಿತ್ತ ಕಣ್ಣಾಡಿಸಿ, “ಕೂರಿಸಮ್ಮಾ” ಎಂದಾಗ ನನಗೆ ಮೈಯೆಲ್ಲ ಉರಿದುಹೋಯಿತು.

ನಾನು ಕೂರಿಸಲಿಲ್ಲ. ತಪ್ಪೆಲ್ಲಿದೆ ಎಂದು ಹುಡುಕಿದೆ. ದಾರವನ್ನು ಗುಂಡಿನ ನಡುಮಧ್ಯದವರೆಗೆ ಅಳೆದೆ. ಸ್ಟ್ಯಾಂಡ್ ಅಲುಗಾಡದಂತೆ ಕಾಲಿಗೆ ಇಟ್ಟಿಗೆ ಇಟ್ಟೆ. ಫ್ಯಾನ್ ಆರಿಸಿ ಎಲ್ಲರಿಂದ ಬೈಸಿಕೊಂಡೆ. ಗುಂಡನ್ನು ಜೋರಾಗಿ ಎಳೆಯದೆ ಎರಡು ಬೆರಳಷ್ಟೇ ಸರಿಸಿ ಬಿಟ್ಟೆ. ಸ್ಟಾಪ್‌ವಾಚ್ ಬದಲಾಯಿಸಿದೆ. ಇಪ್ಪತ್ತು ತೂಗಾಟಕ್ಕೆ ಹಿಡಿಯುವ ಸಮಯ ಅಳೆದು, ಇಪ್ಪತ್ತರಿಂದ ಭಾಗಿಸಿ, ಸೂತ್ರಕ್ಕೆ ಹಾಕಿದರೆ ಮತ್ತೆ ಅದೇ 10.9. ಹಟಮಾರಿತನದಲ್ಲಿ ಆ ಗುಂಡು ನನ್ನ ಖಾಸಾ ತಂಗಿ.

ಪಕ್ಕದ ಸ್ಟ್ಯಾಂಡಿನಲ್ಲಿದ್ದ ನನ್ನ ಗೆಳತಿ ಚೂಟಿಗೆ ಇದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗು. ಅವಳು ಹಿಮ್ಮುಖ ಲೆಕ್ಕವನ್ನು ಬಾಯಲ್ಲೇ ಹಾಕುತ್ತಿದ್ದಳು. ಬೇರೆಯವರು ಕ್ಯಾಲ್ಕುಲೇಟರ್ ತೆಗೆಯುವಷ್ಟರಲ್ಲಿ ಅವಳ ಪಟ್ಟಿ ತುಂಬಿರುತ್ತಿತ್ತು.

“ಲೇ ಮೊಂಡಿ, ಭೂಮಿ ತಾಯಿ ಜೊತೆ ಯಾಕೇ ಜಗಳ ಕಾಯ್ತೀಯ? ಅವಳು ಏನು ಹೇಳಿದರೂ ಪುಸ್ತಕದವರು ಕೇಳಲ್ಲ” ಎಂದಳು.

ಒಂದು ದಿನ ಎಲ್ಲರೂ ಹೋದ ಮೇಲೆ ಮೇಷ್ಟ್ರನ್ನೇ ಕೇಳಿದೆ.

“ಸರ್, ನಿಮ್ಮ ಮೂಗನ್ನೇ ಗುಂಡಿನ ಮುಂದೆ ಇಡ್ತೀರ. ಅಷ್ಟು ನಂಬಿಕೆ ಇದೆ. ಅದೇ ಗುಂಡು ಹೇಳೋ ಲೆಕ್ಕ ಮಾತ್ರ ಯಾಕೆ ನಂಬಲ್ಲ?”

ಮೇಷ್ಟ್ರು ಸ್ಕ್ರೂಗೇಜುಗಳನ್ನು ಪೆಟ್ಟಿಗೆಯಲ್ಲಿ ಜೋಡಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

“ಮೂಗು ನನ್ನದಮ್ಮಾ. ಮಾರ್ಕ್ಸು ನಿಮ್ಮದು” ಎಂದರು. ಪೆಟ್ಟಿಗೆಯ ಮುಚ್ಚಳ ಹಾಕಿ ಅವರೇ ಮುಂದುವರಿಸಿದರು. “ನಾನು ಹೊಸದಾಗಿ ಬಂದಾಗ ಬಂದದ್ದನ್ನ ಬಂದ ಹಾಗೇ ಬರೀರಿ ಅಂತಿದ್ದೆ. ಹೊರಗಿಂದ ಬಂದ ಪರೀಕ್ಷಕರು ಅರ್ಧ ತರಗತಿಗೆ ಮಾರ್ಕ್ಸ್ ಕೊಡಲಿಲ್ಲ. ಒಬ್ಬ ಹುಡುಗ ಓದೇ ಬಿಟ್ಟ. ಅವರಪ್ಪ ಇಲ್ಲಿಗೆ ಬಂದು, ನಿನ್ನ ಲೋಲಕ ನನ್ನ ಮಗನ ಕುತ್ತಿಗೆಗೆ ಬಂತಲ್ಲೋ ಅಂದ. ಅವತ್ತಿಂದ ನಾನು ಯಾರ ಪಟ್ಟಿನೂ ಕೆದಕಿ ನೋಡಲ್ಲ.”

ಮನುಷ್ಯ ಕೆಟ್ಟವರಲ್ಲ, ಹೆದರಿದವರು. ಅದು ಗೊತ್ತಾದ ಮೇಲೆ ನನ್ನ ಸಿಟ್ಟು ಕಡಿಮೆಯಾಗಬೇಕಿತ್ತು. ಆಗಲಿಲ್ಲ.

ನಮ್ಮ ಮನೆಯ ಸಂಗತಿಯನ್ನೂ ಹೇಳಿಬಿಡಬೇಕು. ಮನೆ ಎಂದರೆ ಮಾಮನ ಲಾಂಡ್ರಿಯ ಮೇಲಿನ ಎರಡು ಕೋಣೆ. ಅಪ್ಪ ಹೋದ ಮೇಲೆ ಅಮ್ಮ ತನ್ನ ಅಣ್ಣನ ಆಸರೆಗೆ ಬಂದಳು. ಕೆಳಗೆ ಅವಳು ಬೆಳಗಿನಿಂದ ಸಂಜೆವರೆಗೆ ಇಸ್ತ್ರಿ ಮೇಜಿನ ಮುಂದೆ ನಿಂತಿರುತ್ತಿದ್ದಳು. ಹಬೆಗೆ ಅವಳ ಹಣೆಯ ಕೂದಲು ಯಾವಾಗಲೂ ಅಂಟಿಕೊಂಡಿರುತ್ತಿತ್ತು. ಮಾಮ ಕೌಂಟರಿನಲ್ಲಿ ಕೂತು ಬಟ್ಟೆಗಳಿಗೆ ಚೀಟಿ ಪಿನ್ನು ಹಾಕುತ್ತಿದ್ದ. ಅವನ ಪಕ್ಕದಲ್ಲಿ ಒಂದು ಕುರ್ಚಿ ಖಾಲಿ ಇತ್ತು. ಅದು ನನ್ನದು ಎಂದು ಅವನು ಎಂದೋ ತೀರ್ಮಾನಿಸಿದ್ದ.

“ಈ ಸಲ ಪಾಸಾದರೆ ಮುಂದೆ ಓದು. ಒಂದು ವಿಷಯದಲ್ಲಿ ಜಾರಿದರೂ ಕೆಳಗೆ ಬಂದು ಕೂತ್ಕೋ. ಇನ್ನೊಂದು ವರ್ಷ ಎಳೆಯೋಕೆ ನನ್ನ ಕೈಲಾಗಲ್ಲ” ಎಂದಿದ್ದ. ಮಾತಿಗೆ ತಪ್ಪುವವನಲ್ಲ. ಅದೇ ಅವನ ಒಳ್ಳೆಯ ಗುಣ, ನನ್ನ ಪಾಲಿಗೆ ಅದೇ ಕೆಟ್ಟದ್ದು. ಪ್ರಾಕ್ಟಿಕಲ್‌ನಲ್ಲಿ ಫೇಲಾದರೆ ಇಡೀ ವಿಷಯವೇ ಫೇಲು ಎಂಬುದು ಕಾಲೇಜಿನ ನಿಯಮ. ಎರಡನ್ನೂ ಕೂಡಿಸಿದರೆ ಆ ಕುರ್ಚಿ. ನನಗೆ ಆ ಕುರ್ಚಿ ಕಂಡರೆ ಭಯ. ಅದರಲ್ಲಿ ಒಮ್ಮೆ ಕೂತರೆ ಏಳುವಾಗ ನನಗೆ ಅಮ್ಮನ ವಯಸ್ಸಾಗಿರುತ್ತದೆ ಎಂದು ಅನ್ನಿಸುತ್ತಿತ್ತು.

ನನ್ನ 10.9ರ ಸಂಗತಿ ಚೂಟಿಯ ಬಾಯಿಂದ ಮಾಮನ ಕಿವಿಗೂ ಬಿದ್ದಿದೆ ಎಂದು ಪರೀಕ್ಷೆಯ ಹಿಂದಿನ ಸಂಜೆ ಊಟಕ್ಕೆ ಕೂತಾಗ ಗೊತ್ತಾಯಿತು.

“ಎಲ್ಲರಿಗೂ ಒಂದು ಉತ್ತರ, ಇವಳಿಗೆ ಒಂದು ಉತ್ತರವಂತೆ. ಇವಳು ಹಿಡಿದ ಮೊಲಕ್ಕೆ ಮೂರೇ ಕಾಲು” ಎಂದ ಮಾಮ.

“ನಾನು ಎಣಿಸಿ ಹೇಳ್ತಾ ಇದೀನಿ ಮಾಮ. ಉಳಿದೋರು ಮೊಲಾನೇ ನೋಡಿಲ್ಲ” ಎಂದೆ.

ಅಮ್ಮ ನನ್ನ ತಟ್ಟೆಗೆ ಬಡಿಸುತ್ತ, ಅವನಿಗೆ ಕೇಳಿಸದಂತೆ, “ಹತ್ತರ ಜೊತೆ ಹನ್ನೊಂದು ಅಂತ ಬರೆದು ಬಂದ್ಬಿಡು ಮಗಳೇ. ಬಗ್ಗಿ ನಡೆದರೆ ಬೆನ್ನೇನು ಮುರಿಯಲ್ಲ” ಎಂದಳು. ದಿನವಿಡೀ ಬಗ್ಗಿಯೇ ಇಸ್ತ್ರಿ ಹಾಕಿದವಳ ಬಾಯಿಂದ ಆ ಮಾತು ಕೇಳಿ ನನಗೆ ಅನ್ನ ಇಳಿಯಲಿಲ್ಲ.

ಮರುದಿನ ನಮ್ಮ ಗುಂಪಿಗೆ ಸಿಕ್ಕಿದ್ದೂ ಲೋಲಕವೇ. ಗೋಡೆಯುದ್ದಕ್ಕೂ ಆರು ಸ್ಟ್ಯಾಂಡ್, ಆರು ಜನ. ಹೊರಗಿನಿಂದ ಬಂದ ಪರೀಕ್ಷಕಿ ಎತ್ತರದ ಹೆಂಗಸು. ಕನ್ನಡಕವನ್ನು ಹಣೆಗೇರಿಸಿಕೊಂಡು, ಓದುವಾಗ ಮಾತ್ರ ಕೆಳಗಿಳಿಸುತ್ತಿದ್ದರು. ಮೇಷ್ಟ್ರು ಅವರ ಹಿಂದೆಯೇ ಮದುವೆ ಮನೆಯ ಹೆಣ್ಣಿನ ಕಡೆಯವರಂತೆ ಕೈಕಟ್ಟಿ ಓಡಾಡುತ್ತಿದ್ದರು.

ನಾನು ಗುಂಡು ಎಳೆದು ಬಿಟ್ಟೆ, ಸ್ಟಾಪ್‌ವಾಚ್ ಒತ್ತಿದೆ, ಎಣಿಸಿದೆ. ಮತ್ತೆ ಎಣಿಸಿದೆ. ಮೂರನೆಯ ಸಲವೂ ಎಣಿಸಿದೆ. ಸೂತ್ರಕ್ಕೆ ಹಾಕಿದೆ. 10.9. ಪೆನ್ನು ಹಿಡಿದ ಕೈ ಒಂದು ಕ್ಷಣ ನಿಂತಿತು. ಕುರ್ಚಿ ಕಣ್ಣ ಮುಂದೆ ಬಂತು. ಇಲ್ಲಿ ಉತ್ತರ ಕೂರಿಸಿದರೂ ಆ ಕುರ್ಚಿಯಲ್ಲಿ ಕೂತಂತೆಯೇ ಎಂದುಕೊಂಡು, 10.9 ಎಂದು ದಪ್ಪಗೆ ಬರೆದು, ಕೆಳಗೆ ಗೆರೆ ಎಳೆದೆ.

ಪರೀಕ್ಷಕಿ ಸಾಲಾಗಿ ನೋಡುತ್ತ ಬಂದರು. 9.8, 9.8, 9.79, 9.8, ಚೂಟಿಯದು 9.81. ನನ್ನ ಮುಂದೆ ಬಂದು ಕನ್ನಡಕ ಇಳಿಸಿದರು.

“ನಿನ್ನ ಸ್ಟ್ಯಾಂಡಿನ ಕೆಳಗೆ ಮಾತ್ರ ಭೂಮಿ ಜಾಸ್ತಿ ಎಳೆಯುತ್ತಾ?”

ಹಿಂದಿನಿಂದ ಯಾರೋ ಕಿಸಕ್ಕೆಂದರು. ಮೇಷ್ಟ್ರು ತಕ್ಷಣ ಮುಂದೆ ಬಂದರು. “ಲೆಕ್ಕದಲ್ಲಿ ಕೈತಪ್ಪಿರಬೇಕು ಮೇಡಂ. ತಿದ್ದುತ್ತಾಳೆ. ಇನ್ನೂ ಟೈಮಿದೆ.” ನನ್ನ ಕಡೆ ತಿರುಗಿ ಕಣ್ಣಲ್ಲೇ ಬೇಡಿಕೊಂಡರು.

“ಲೆಕ್ಕ ತಪ್ಪಿಲ್ಲ ಸರ್. ತಿದ್ದೋದಿಲ್ಲ” ಎಂದೆ.

ಧ್ವನಿ ನಾನಂದುಕೊಂಡಿದ್ದಕ್ಕಿಂತ ಜೋರಾಗಿಯೇ ಬಂತು. ಆಚೆ ಮೇಜಿನವರೂ ಪೆನ್ನು ಕೆಳಗಿಟ್ಟರು.

ಪರೀಕ್ಷಕಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. “ಐದು ಜನ ಒಂದು ಹೇಳ್ತಾರೆ, ನೀನೊಬ್ಬಳು ಒಂದು ಹೇಳ್ತೀಯ. ನಾನು ಯಾರನ್ನ ನಂಬಲಿ?” ಎಂದು ಕೇಳಿದರು.

“ಯಾರನ್ನೂ ನಂಬಬೇಡಿ ಮೇಡಂ. ದಾರ ಇಲ್ಲೇ ಇದೆ, ಗುಂಡು ಇಲ್ಲೇ ಇದೆ. ಇನ್ನೊಂದು ಸಲ ಮಾಡೋಣ.”

ನೀರಿಗೆ ಬಿದ್ದ ಮೇಲೆ ಚಳಿ ಏನು, ಮಳೆ ಏನು. ಪರೀಕ್ಷಕಿ ಸ್ಟೂಲ್ ಎಳೆದುಕೊಂಡು ನನ್ನ ಸ್ಟ್ಯಾಂಡಿನ ಎದುರು ಕೂತರು. “ಮಾಡು” ಎಂದರು.

ಅದೇ ಇಪ್ಪತ್ತನ್ನು ಮತ್ತೆ ಮಾಡಿದರೆ ಅದೇ ಉತ್ತರ ಬರುತ್ತದೆಂದು ನನಗೆ ಗೊತ್ತಿತ್ತು. ಇಷ್ಟು ದಿನ ದಾರ, ಫ್ಯಾನು, ಸ್ಟ್ಯಾಂಡು ಎಲ್ಲವನ್ನೂ ಬದಲಿಸಿದ್ದೆ. ಇಪ್ಪತ್ತನ್ನು ಮಾತ್ರ ಬದಲಿಸಿರಲಿಲ್ಲ, ಯಾಕೆಂದರೆ ಇಪ್ಪತ್ತು ಎಂದು ಮೇಷ್ಟ್ರು ಹೇಳಿದ್ದರು. ಮೊದಲು ಬರೇ ಹತ್ತು ಎಣಿಸುತ್ತೇನೆ, ಆಮೇಲೆ ಇಪ್ಪತ್ತು, ಆಮೇಲೆ ನಲವತ್ತು ಎಂದೆ. ಪರೀಕ್ಷಕಿ ತಲೆಯಾಡಿಸಿದರು.

ಹತ್ತಕ್ಕೆ ಹದಿನೆಂಟು ಸೆಕೆಂಡು. ಇಪ್ಪತ್ತಕ್ಕೆ ಮೂವತ್ತೆಂಟು. ನಲವತ್ತಕ್ಕೆ ಎಪ್ಪತ್ತೆಂಟು. ಪ್ರತಿಯೊಂದಕ್ಕೂ ಮೇಲೆ ಒಂದಿಷ್ಟು ಚೂರುಪಾರು. ಲೆಕ್ಕ ಹಾಕಿದೆ. ಹತ್ತರಿಂದ ಬಂದ ಉತ್ತರ 12, ಇಪ್ಪತ್ತರಿಂದ 10.9, ನಲವತ್ತರಿಂದ 10.3.

ನಾನು ಇಷ್ಟು ದಿನ ನನ್ನ ಸ್ವಂತ ಮಗುವಿನಂತೆ ಕಾಪಾಡಿಕೊಂಡು ಬಂದ 10.9 ಕಣ್ಣೆದುರೇ ಕರಗುತ್ತಿತ್ತು. ಭೂಮಿಯೇನೂ ನನ್ನ ಎಣಿಕೆ ನೋಡಿಕೊಂಡು ಎಳೆತ ಬದಲಿಸುವುದಿಲ್ಲ. ಹಾಗಾದರೆ ತಪ್ಪು ಎಲ್ಲೋ ನನ್ನ ಹತ್ತಿರವೇ ಇದೆ. ಹೆಚ್ಚು ಎಣಿಸಿದಷ್ಟೂ ಅದು ಕಡಿಮೆಯಾಗುತ್ತಿದೆ.

ಆ ಮೂರು ಸಂಖ್ಯೆಗಳನ್ನೇ ದಿಟ್ಟಿಸಿದೆ. ಹತ್ತರಿಂದ ಇಪ್ಪತ್ತಕ್ಕೆ ಹೋಗಲು, ಅಂದರೆ ಎರಡನೆಯ ಹತ್ತು ತೂಗಾಟಕ್ಕೆ, ಇಪ್ಪತ್ತು ಸೆಕೆಂಡು. ಇಪ್ಪತ್ತರಿಂದ ನಲವತ್ತಕ್ಕೆ ನಲವತ್ತು ಸೆಕೆಂಡು. ಅದೂ ಸರಿಹೋಯಿತು, ಒಂದೊಂದಕ್ಕೆ ಎರಡು ಸೆಕೆಂಡಿನಂತೆ. ಮೊದಲ ಹತ್ತಕ್ಕೆ ಮಾತ್ರ ಹದಿನೆಂಟು. ಇದು ಮೊದಲ ಹತ್ತು, ಇದು ಎರಡನೆಯ ಹತ್ತು ಎಂದು ಗುಂಡಿಗೆ ಏನು ಗೊತ್ತು? ಮೊದಲ ಹತ್ತರಲ್ಲಿ ಎರಡು ಸೆಕೆಂಡು ಕಾಣೆಯಾಗಿದೆ. ಎರಡು ಸೆಕೆಂಡು ಎಂದರೆ ಸರಿಯಾಗಿ ಒಂದು ತೂಗಾಟ.

ಗುಂಡನ್ನು ಮತ್ತೆ ಎಳೆದೆ. ಬಿಟ್ಟೆ. ಬೆರಳು ಸ್ಟಾಪ್‌ವಾಚ್ ಒತ್ತಿತು, ಬಾಯಿ ತಾನಾಗಿಯೇ “ಒಂದು” ಎಂದಿತು.

ಗುಂಡು ಆಗಷ್ಟೇ ನನ್ನ ಕೈಬಿಟ್ಟಿತ್ತು. ಆ ಬದಿಗೆ ಹೋಗಿರಲಿಲ್ಲ, ವಾಪಸು ಬಂದಿರಲಿಲ್ಲ. ಹೊರಡುವ ಮೊದಲೇ ಅದಕ್ಕೆ ಒಂದು ತೂಗಾಟದ ಲೆಕ್ಕ ಬರೆದುಬಿಟ್ಟಿದ್ದೆ. ನಾನು ಇಪ್ಪತ್ತು ಎನ್ನುವಾಗ ಅದು ತೂಗಿರುತ್ತಿದ್ದದ್ದು ಹತ್ತೊಂಬತ್ತೇ. ಇಲ್ಲದ ಒಂದನ್ನು ಸೇರಿಸಿ ಭಾಗಿಸಿದರೆ ಗುಂಡು ಅವಸರದಲ್ಲಿದ್ದಂತೆ, ಭೂಮಿ ಜೋರಾಗಿ ಎಳೆದಂತೆ ಕಾಣದೆ ಇನ್ನೇನು? ದಾರದ ಮೇಲೆ ಅನುಮಾನ ಪಟ್ಟೆ, ಗಾಳಿಯ ಮೇಲೆ ಪಟ್ಟೆ. ಒಂದು ಎರಡು ಎಣಿಸುವುದರ ಮೇಲೆ ಯಾರು ಅನುಮಾನ ಪಡುತ್ತಾರೆ? ಅದನ್ನು ನಾವು ಹಾಲುಹಲ್ಲು ಇರುವಾಗಲೇ ಕಲಿತು ಮುಗಿಸಿರುತ್ತೇವೆ.

ಖುಷಿಯಿಂದ ಬಾಯಿ ತೆರೆಯಬೇಕು ಎನ್ನುವಷ್ಟರಲ್ಲಿ ಇನ್ನೊಂದು ಹೊಳೆಯಿತು. ಹೀಗೆ ಎಣಿಸಲು ಕಲಿಸಿದವರು ಮೇಷ್ಟ್ರು. ‘ಬಿಡು, ಒತ್ತು, ಒಂದು ಅನ್ನು’ ಎಂಬುದು ಅವರ ಮೊದಲ ಪಾಠ. ಅವರ ಗುರುಗಳು ಅವರಿಗೆ ಹೇಳಿಕೊಟ್ಟದ್ದೂ ಅದೇ ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಈ ಕೊಠಡಿಯಲ್ಲಿ ಕಲಿತ ಪ್ರತಿಯೊಬ್ಬರೂ ಹಾಗೇ ಎಣಿಸುತ್ತಾರೆ. ಹಾಗೆ ಎಣಿಸಿದವರಿಗೆ 10.9ರ ಆಸುಪಾಸೇ ಬರಬೇಕು. 9.8 ಬರಲು ಸಾಧ್ಯವೇ ಇಲ್ಲ. ಅಂದರೆ ನನ್ನ ತಪ್ಪನ್ನು ನಾನು ಬಿಡಿಸಿ ಹೇಳಿದ ಮರುಕ್ಷಣವೇ ಆ ಸಾಲಿನ ಐದು ಪಟ್ಟಿಗಳೂ ಸುಳ್ಳೆಂದು ಸಾಬೀತಾಗುತ್ತವೆ. ತಪ್ಪು ಉತ್ತರದವಳು ನಾನೊಬ್ಬಳೇ, ಅಳೆದವಳೂ ನಾನೊಬ್ಬಳೇ.

ತಲೆಯೆತ್ತಿದೆ. ಮೇಷ್ಟ್ರ ಕಣ್ಣು ಆ ಮೂರು ಸಂಖ್ಯೆಗಳ ಮೇಲೇ ಇತ್ತು. ಅವರಿಗೂ ಅರ್ಥವಾಗಿತ್ತು. ಪರೀಕ್ಷಕಿಯ ಬೆನ್ನ ಹಿಂದೆ ನಿಂತು, ನನಗೊಬ್ಬಳಿಗೆ ಕಾಣುವಂತೆ, ಬೇಡ ಎಂದು ತಲೆಯಾಡಿಸಿದರು. ಗುಂಡು ಮುಖಕ್ಕೆ ಬಂದಾಗ ರೆಪ್ಪೆ ಬಡಿಯದ ಮನುಷ್ಯ ಅವರು. ಆಚೆ ಚೂಟಿ ತನ್ನ ಉತ್ತರದ ಮೇಲೆ ಅಂಗೈ ಮುಚ್ಚಿಕೊಂಡಿದ್ದಳು. ಕುಂಬಳಕಾಯಿ ಕಳ್ಳ ಎಂದು ಇನ್ನೂ ಯಾರೂ ಅಂದಿರಲಿಲ್ಲ, ಇವಳಾಗಲೇ ಹೆಗಲು ಮುಟ್ಟಿಕೊಳ್ಳುತ್ತಿದ್ದಳು.

ನನಗೆ ಅವರಿಬ್ಬರ ಮೇಲೂ ಪ್ರೀತಿ ಇತ್ತು. ಸ್ಟಾಪ್‌ವಾಚ್ ಕೈಕೊಟ್ಟಿತು ಎಂದುಬಿಟ್ಟರೆ ಎಲ್ಲರೂ ಬಚಾವು, ನಾನೊಬ್ಬಳು ಹೋಗಿ ಕುರ್ಚಿಯಲ್ಲಿ ಕೂತರಾಯಿತು. ಆದರೆ ಹಾಗಂದರೆ ಮುಂದಿನ ವರ್ಷವೂ ಇಲ್ಲಿ ಗುಂಡು ಹೊರಡುವ ಮೊದಲೇ ಒಂದು ಎನ್ನುತ್ತಾರೆ, ಅದರ ಮುಂದಿನ ವರ್ಷವೂ ಎನ್ನುತ್ತಾರೆ, ಹೇಗೂ ಕೂರಿಸುತ್ತಾರಲ್ಲ. ಈ ಕೂರಿಸುವ ವಿದ್ಯೆ ಇಲ್ಲದಿದ್ದರೆ ತಪ್ಪು ಮೊದಲ ವರ್ಷವೇ ಸಿಕ್ಕಿಬೀಳುತ್ತಿತ್ತು. ಅದು ನೆನಪಾದದ್ದೇ ನನಗೆ ಮತ್ತೆ ಮೈ ಉರಿಯಿತು. ಒಳ್ಳೆಯದೇ ಆಯಿತು. ಪ್ರೀತಿಯನ್ನು ನೆಚ್ಚಿಕೊಂಡಿದ್ದರೆ ನಾನು ಸುಮ್ಮನಾಗಿಬಿಡುತ್ತಿದ್ದೆ.

“ಮೇಡಂ, 10.9 ತಪ್ಪು. ನಾನು ಎಣಿಸಿದ್ದೇ ತಪ್ಪು. ಬಿಡುವಾಗಲೇ ಒಂದು ಅಂದೆ. ಸೊನ್ನೆ ಅನ್ನಬೇಕಿತ್ತು” ಎಂದು ಮೂರು ಸಂಖ್ಯೆಗಳನ್ನೂ ತೋರಿಸಿ ವಿವರಿಸಿದೆ.

ಪರೀಕ್ಷಕಿ ನಿಧಾನವಾಗಿ ಎಲ್ಲವನ್ನೂ ಒಮ್ಮೆ ತಾವೇ ಕಳೆದು ನೋಡಿಕೊಂಡರು. ಆಮೇಲೆ ಕನ್ನಡಕ ಹಣೆಗೇರಿಸಿದರು.

“ಹಾಗೆ ಎಣಿಸೋಕೆ ನಿನಗೆ ಯಾರು ಹೇಳಿಕೊಟ್ಟರು?”

“ನನ್ನ ತಪ್ಪು ನಾನು ಹೇಳಿದೀನಿ ಮೇಡಂ. ಬೇರೆಯವರದು ಬೇರೆಯವರು ಹೇಳಬೇಕು.”

“ಮಾರ್ಕ್ಸ್ ಕೊಡೋಳು ನಾನು. ಅದು ನೆನಪಿದೆಯಾ?”

“ಇದೆ” ಎಂದೆ. ಮೇಜಿಗೆ ಆತುಕೊಂಡು ನಿಂತೆ.

ಪರೀಕ್ಷಕಿ ನನ್ನನ್ನು ಬಿಟ್ಟು ಎದ್ದು ಚೂಟಿಯ ಹತ್ತಿರ ಹೋದರು. “ನಿನಗೆ 9.81 ಬಂದಿದೆ. ಚೆನ್ನಾಗಿದೆ. ನನ್ನೆದುರು ಒಂದು ಸಲ ಎಣಿಸು ನೋಡೋಣ. ಜೋರಾಗಿ.”

ಚೂಟಿ ದಡ್ಡಿಯಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಿದ್ದಳು. ಸೊನ್ನೆ ಎಂದು ಶುರುಮಾಡಿದರೆ ಮುಗಿಯಿತು, ಅವಳ 9.81 ಸಾಚಾ ಆಗಿಬಿಡುತ್ತದೆ, ಅವಳ ಮಾರ್ಕ್ಸು ಅವಳ ಜೇಬಿನಲ್ಲಿ. ಅವಳು ಗುಂಡನ್ನು ಎಳೆದು ಹಿಡಿದುಕೊಂಡು ನಿಂತಳು. ನನ್ನ ಕಡೆ ನೋಡಿದಳು. ನಾನು ಅವಳ ನೋಟ ತಪ್ಪಿಸಿದೆ, ನನ್ನಿಂದ ಅವಳಿಗೆ ಯಾವ ಒತ್ತಾಯವೂ ಬೇಡ ಎನ್ನಿಸಿತು. ಗುಂಡು ಅವಳ ಕೈ ಬಿಟ್ಟಿತು, ಸ್ಟಾಪ್‌ವಾಚ್ ಟಿಕ್ ಎಂದಿತು.

“ಒಂದು” ಎಂದಳು ಚೂಟಿ. ಗೋಡೆಗೆ ಬಡಿದು ವಾಪಸು ಬರುವಷ್ಟು ಜೋರಾಗಿ.

ಅವಳ ಪಕ್ಕದ ಹುಡುಗ, ಯಾರೂ ಕೇಳದೆಯೇ, “ನಾನೂ ಹಾಗೇ ಮೇಡಂ” ಎಂದ. ಅವನ ಪಕ್ಕದವನು ತನ್ನ ಹಾಳೆಯನ್ನು ಮಗುಚಿಟ್ಟ.

ಮೇಷ್ಟ್ರು ಕಟ್ಟಿದ್ದ ಕೈ ಬಿಚ್ಚಿ ಮುಂದೆ ಬಂದರು. “ಬೇಡ ಮೇಡಂ, ಮಕ್ಕಳನ್ನ ಕೇಳಬೇಡಿ. ಒಂದು ಅನ್ನೋಕೆ ಹೇಳಿಕೊಟ್ಟವನು ನಾನು. ಕೂರಿಸೋಕೆ ಬಿಟ್ಟವನೂ ನಾನು. ಇವಳು ವರ್ಷವಿಡೀ ನನ್ನ ಹತ್ತಿರ ಬಂದು ತಪ್ಪಿದೆ ತಪ್ಪಿದೆ ಅಂತಿದ್ದಳು. ನಾನು ಒಂದು ಸಲಾನೂ ಪಕ್ಕದಲ್ಲಿ ನಿಂತು ಎಣಿಸಲಿಲ್ಲ” ಎಂದರು. ನಾನು ಗೆದ್ದೆ ಎಂದು ನನಗೆ ಅನ್ನಿಸಲಿಲ್ಲ. ಅವರ ಪಕ್ಕದಲ್ಲಿ ಹೋಗಿ ನಿಲ್ಲಬೇಕು ಎನ್ನಿಸಿತು, ನಿಂತೆ.

ಪರೀಕ್ಷಕಿ ಎಲ್ಲರಿಗೂ ಹೊಸ ಹಾಳೆ ಕೊಡಿಸಿದರು. “ಅರ್ಧ ಗಂಟೆ ಕೊಡ್ತೀನಿ. ಎಲ್ಲರೂ ಸೊನ್ನೆಯಿಂದ ಎಣಿಸಿ. ಬಂದದ್ದನ್ನ ಬರೀರಿ. ಸರಿಯಾಗಿ 9.8 ಬಂದವರು ನನ್ನ ಮುಂದೆ ಇನ್ನೊಂದು ಸಲ ಮಾಡಿ ತೋರಿಸಬೇಕಾಗುತ್ತೆ” ಎಂದರು. ಆ ಅರ್ಧ ಗಂಟೆ ನಮ್ಮ ಪ್ರಯೋಗಾಲಯದಲ್ಲಿ ಲೋಲಕಗಳು ನಿಜವಾಗಿ ತೂಗಿದವು. ಒಬ್ಬನಿಗೆ 9.6, ಇನ್ನೊಬ್ಬನಿಗೆ 10.1. ಚೂಟಿಗೆ 9.7 ಬಂತು, ಜೀವನದಲ್ಲಿ ಮೊದಲ ಸಲ ಅಳೆದದ್ದಕ್ಕೆ ಅವಳು ಬೆವೆತುಹೋಗಿದ್ದಳು. ನನಗೆ 9.9.

ನಾನು ಹೊಸ ಹಾಳೆ ತೆಗೆದುಕೊಂಡಿರಲಿಲ್ಲ. ಹಳೆಯ ಹಾಳೆಯಲ್ಲೇ 10.9ರ ಕೆಳಗೆ ಹತ್ತು, ಇಪ್ಪತ್ತು, ನಲವತ್ತರ ಕಥೆ ಬರೆದು, ಅದರ ಕೆಳಗೆ ಹೊಸ ಉತ್ತರ ಬರೆದಿದ್ದೆ. ಪರೀಕ್ಷಕಿ ಅದನ್ನು ಹಿಡಿದು ನನ್ನನ್ನು ಪಕ್ಕಕ್ಕೆ ಕರೆದರು.

“ನಿಯಮದ ಪ್ರಕಾರ ಹಾಳೆಯಲ್ಲಿ ಮೊದಲು ಬರೆದ ಫಲಿತಾಂಶಕ್ಕೇ ಅಂಕ. ಇದನ್ನ ಹರಿದು ಹಾಕಿ ಹೊಸದರಲ್ಲಿ 9.9 ಒಂದನ್ನೇ ಬರಿ. ಎಲ್ಲರೂ ಅದನ್ನೇ ಮಾಡಿದಾರೆ. ಇಲ್ಲದಿದ್ರೆ ಫಲಿತಾಂಶಕ್ಕೂ ಪಟ್ಟಿಗೂ ನಾನು ಏನೂ ಕೊಡೋಕಾಗಲ್ಲ. ಉಳಿದ ಪ್ರಶ್ನೆಗಳ ಅಂಕದಲ್ಲೇ ನೀನು ಪಾಸಾಗಬೇಕು, ಆಗ್ತೀಯೋ ಇಲ್ಲವೋ.”

ಇದನ್ನು ಅವರು ಕರುಣೆಯಿಂದಲೇ ಹೇಳಿದ್ದು. ಹರಿಯುವುದೂ ಸುಳ್ಳೇನಲ್ಲ, 9.9 ನಾನೇ ಅಳೆದದ್ದು.

“ಅದನ್ನ ಹರಿದ್ರೆ ತಪ್ಪು ಹೇಗೆ ಸಿಕ್ತು ಅಂತ ಯಾರಿಗೂ ಗೊತ್ತಾಗಲ್ಲ ಮೇಡಂ. ಇರಲಿ” ಎಂದೆ.

“ಪಾಸಾಗದೆ ಹೋದ್ರೆ?”

“ಕೌಂಟರಿನಲ್ಲಿ ಕೂತ್ಕೋತೀನಿ” ಎಂದೆ. ಅವರಿಗೆ ಅದರ ತಲೆಬುಡ ಅರ್ಥವಾಗಿರಲಿಕ್ಕಿಲ್ಲ. ನನ್ನ ಹಾಳೆಯನ್ನು ಉಳಿದವುಗಳ ಮೇಲಿಟ್ಟು, ನನ್ನನ್ನು ಕೂರಿಸಿಕೊಂಡು ಬಾಯಿಪ್ರಶ್ನೆ ಕೇಳತೊಡಗಿದರು. ಗುಂಡಿನ ಓಟ ಎಲ್ಲಿ ಹೆಚ್ಚು, ಎಲ್ಲಿ ಸೊನ್ನೆ. ದಾರ ನಾಲ್ಕು ಪಟ್ಟಾದರೆ ಏನಾಗುತ್ತದೆ. ಭಾರದ ಗುಂಡಾದರೆ ಬೇಗ ತೂಗುತ್ತದೆಯೇ. ಒಂದನ್ನೂ ಬಿಡದೆ ಹೇಳಿದೆ.

ಫಲಿತಾಂಶ ಬಂದ ದಿನ ಲಾಂಡ್ರಿಯಲ್ಲಿ ಗಿರಾಕಿಗಳಿರಲಿಲ್ಲ. ಮಾಮ ನನ್ನ ಅಂಕಪಟ್ಟಿಯನ್ನು ಕೌಂಟರಿನ ಮೇಲೆ ಹರಡಿಕೊಂಡು, ಬಟ್ಟೆಯ ಕಲೆ ಹುಡುಕುವಂತೆ ಬೆರಳಿಟ್ಟು ನೋಡಿದ. ಉಳಿದ ವಿಷಯಗಳಲ್ಲಿ ಅವನಿಗೇನೂ ಸಿಗಲಿಲ್ಲ. ಪ್ರಾಕ್ಟಿಕಲ್‌ ಹತ್ತಿರ ಬೆರಳು ನಿಂತಿತು. ಪಾಸಾಗಲು ಬೇಕಾದ್ದಕ್ಕಿಂತ ಎರಡೇ ಎರಡು ಅಂಕ ಜಾಸ್ತಿ.

“ಚೂಟಿಗೆ ಇದರಲ್ಲಿ ತುಂಬಾ ಬಂದಿದೆಯಂತೆ. ಎಲ್ಲರ ತಪ್ಪನ್ನ ಹುಡುಕಿಕೊಟ್ಟವಳು ನೀನು, ಎಲ್ಲರಿಗಿಂತ ಕಮ್ಮಿ ನಿನಗೆ” ಎಂದು ನಕ್ಕ. “ಇದಕ್ಕೆ ಪಾಸು ಅಂತಾರಾ? ಬಾಗಿಲು ಸಂದಿಯಲ್ಲಿ ತೂರಿಕೊಂಡು ಬಂದಿದೀಯ. ಮುಂದೆ ಓದಿದರೂ ಹೋದ ಕಡೆಯೆಲ್ಲ ಇದೇ ಜಗಳ ಮಾಡ್ತೀಯ. ಅದಕ್ಕಿಂತ ಇಲ್ಲೇ…”

ಅವನ ಕೈ ಪಕ್ಕದ ಕುರ್ಚಿಯ ಬೆನ್ನಿನ ಮೇಲಿತ್ತು. ನಾನು ಉತ್ತರ ಕೊಡಬೇಕೆಂದು ಉಸಿರೆಳೆದುಕೊಂಡೆ.

ಹಿಂದಿನಿಂದ ಇಸ್ತ್ರಿಪೆಟ್ಟಿಗೆ ಸ್ಟ್ಯಾಂಡಿನ ಮೇಲೆ ಕೂತ ಸದ್ದು ಕೇಳಿತು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಕೌಂಟರಿಗೆ ಬಂದಳು. ಈ ಅಂಗಡಿಗೆ ಬಂದಾಗಿನಿಂದ ಅವಳು ಅಣ್ಣನ ಮಾತಿಗೆ ಹೂಂ ಎಂದದ್ದನ್ನಷ್ಟೇ ನಾನು ಕೇಳಿದ್ದೆ. ಅಂಕಪಟ್ಟಿಯನ್ನು ಅವನ ಬೆರಳಿನ ಅಡಿಯಿಂದ ಎಳೆದುಕೊಂಡು, ಎರಡು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟಳು.

“ಪಾಸಾದರೆ ಓದು ಅಂತ ನೀನೇ ಹೇಳಿದ್ದೆ ಅಣ್ಣ. ಪಾಸಾಗಿದಾಳೆ” ಎಂದಳು. “ಆ ಕುರ್ಚಿಗೆ ಬೇರೆ ಯಾರನ್ನಾದರೂ ನೋಡ್ಕೋ.”